ಪೀಠವೇರಿ ಮಾತಾಡದ ದೂತ

ತೇಲೂರು, ಫೆಬ್ರವರಿ ಮೂವತ್ತೊಂದು, ಇಸವಿ ಎರಡು ಸಾವಿರದ ಮುನ್ನೂರ ಎಂಬತ್ತೆಂಟು.

ಹಿಂದಿನ ಕಾಲದ ಮಹಾಜನರೇ,

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಇದೆ. ತಿಂಗಳುಗಳನ್ನು ಅದಲುಬದಲು ಮಾಡಿದವರು ಯಾರು, ಏಕೆ ಮಾಡಿದರು ಎಂದು ಕೇಳಿದರೆ ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಗುರುಸಿದ್ದವ್ವ, ನಾಟಕ ಕಂಪನಿಯ ಪರದೆಯ ಹಿಂದಿನ ತೊಟ್ಟಿಲಲ್ಲಿ ಬೆಳೆದು ರಾಜಪಾರ್ಟು ಮಾಡಿದವಳು. ಕಾಗದದ ಮೇಲೂ ನನ್ನ ದನಿ ಸಣ್ಣದಾಗುವುದಿಲ್ಲ.

ತೇಲೂರು ಎಂದರೆ ಅಣೆಕಟ್ಟಿನ ಹಿನ್ನೀರಿನ ಮೇಲೆ ತೇಲುವ ಪಟ್ಟಣ. ಬೀದಿಗಳೆಲ್ಲ ಹಲಗೆಯವು, ಗಾಳಿ ಬೀಸಿದರೆ ನೆರೆಮನೆ ಎದುರುಮನೆಯಾಗುತ್ತದೆ. ನಾವು ಪಾಚಿಹಿಟ್ಟಿನ ರೊಟ್ಟಿ ತಿಂದು, ಆಡಿನ ಹಾಲು ಕುಡಿದು ಬದುಕುತ್ತೇವೆ. ಹೆಂಗಸರ ಮೈಯಲ್ಲಿ ಬಸಿರಿನ ದೂತರಸ, ಅಂದರೆ ನೀವು ಹಾರ್ಮೋನು ಎನ್ನುತ್ತಿದ್ದುದು, ಸಾಲದಾಗಿ ಎರಡು ತಲೆಮಾರಾಯಿತು. ಕಾರಣ ಹವೆ ಎನ್ನುತ್ತಾರೆ, ನೀರು ಎನ್ನುತ್ತಾರೆ. ನನಗೆ ಎರಡೂ ಉತ್ತರಗಳ ಮೇಲೆ ಅನುಮಾನ. ಅಂತೂ ಮಗು ಬೇಕೆಂದವಳು ರಸಮನೆಯ ಮುಂದೆ ಸಾಲು ನಿಲ್ಲಬೇಕು. ಅಲ್ಲಿನ ಕೊಪ್ಪರಿಗೆಗಳಲ್ಲಿ ಜೀವಕೋಶಗಳನ್ನು ಬೆಳೆಸಿ, ಅವುಗಳಿಂದ ರಸ ಮಾಡಿಸಿ, ಸೀಸೆಗೆ ತುಂಬಿ ಕೊಡುತ್ತಾರೆ. ಒಬ್ಬೊಬ್ಬಳಿಗೆ ಇಷ್ಟೇ ಸರದಿ ಎಂದು ಪಟ್ಟಣದ ಮಂಡಳಿಯ ಕಟ್ಟಳೆ. ನನ್ನ ಮಗಳು ಚಂಪಾವತಿಗೆ ಉಳಿದಿರುವುದು ಕಡೆಯ ಸರದಿ, ಅದೂ ನಾಳೆ ಬೆಳಿಗ್ಗೆ. ಹಿಂದಿನ ಸರದಿಗಳಲ್ಲಿ ಅವಳ ಅಂಡಾಶಯದಲ್ಲಿ ಒಂದು ಅಂಡವೂ ಬಲಿಯಲಿಲ್ಲ.

ಮೊದಲು ನನ್ನ ಸಂಶಯ ಹೋದದ್ದು ಅಳಿಯನ ಮೇಲೆ, ಆಮೇಲೆ ಬೀಗಿತ್ತಿಯ ಮೇಲೆ. ಸೀಸೆ ಬದಲಾಯಿಸಿದಳೇನೋ ಎಂದು ಅವಳ ಅಡುಗೆಮನೆಯಲ್ಲಿ ಕಾವಲು ಕೂತೆ. ಅವಳು ನನ್ನ ಮುಂದೆ ತಟ್ಟೆ ಇಟ್ಟು, ಕಾಯುವವರಿಗೂ ಹಸಿವಾಗುತ್ತದಲ್ಲ ಎಂದು ಚುಚ್ಚಿದಳು. ರೊಟ್ಟಿ ತಿಂದು ಎದ್ದು ಬಂದೆ.

ಆಗ ನೆನಪಾದದ್ದು ನಮ್ಮ ಕಂಪನಿಯ ಒಂದು ಪದ್ಧತಿ. ದರ್ಬಾರಿನ ದೃಶ್ಯದಲ್ಲಿ ರಾಜನಾಗುವವನಿಗೆ ಜ್ವರ ಬಂದರೂ ಸಿಂಹಾಸನ ಖಾಲಿ ಬಿಡುವಂತಿಲ್ಲ. ಮಾತು ಬಾರದ ಯಾರಿಗಾದರೂ ಕಿರೀಟ ತೊಡಿಸಿ ಕೂರಿಸುತ್ತೇವೆ. ಮಂತ್ರಿಯೇ ಎಲ್ಲ ಮಾತಾಡಿ ದೃಶ್ಯ ದಾಟಿಸುತ್ತಾನೆ. ಹಿಂದಿನ ಸಾಲಿನವರಿಗೆ ಗೊತ್ತೇ ಆಗುವುದಿಲ್ಲ. ರಸಮನೆಯಲ್ಲೂ ಇದೇ ಆಟ ನಡೆದಿದ್ದರೆ?

ಅಂಡ ಬಲಿಸುವ ದೂತನ, ಅಂದರೆ ಆ ರಸದ ಒಂದೊಂದು ಕಣದ, ರಚನೆ ಕೇಳಿ. ಅವನು ಎರಡು ಎಳೆಗಳ ಜೋಡಿ. ಒಂದು ಎಳೆ ಸಾಮಾನ್ಯದ್ದು, ಬೇರೆ ಕೆಲವು ದೂತರಲ್ಲೂ ಅದೇ ಇರುತ್ತದೆ. ಇನ್ನೊಂದು ಎಳೆ ಇವನದೇ, ಯಾವ ಬಾಗಿಲು ತಟ್ಟಬೇಕೆಂದು ತೀರ್ಮಾನಿಸುವುದು ಅದು. ಎರಡೂ ಎಳೆಗಳ ಮೇಲೆ ಸಕ್ಕರೆಯ ಕುಚ್ಚುಗಳು ಕವಲೊಡೆದು ನಿಂತಿರುತ್ತವೆ. ಅಂಡದ ಸುತ್ತಲಿನ ಕೋಶಗಳ ಹೊರಮೈಯಲ್ಲಿ ಬಾಗಿದ ಅಂಗೈಯಂಥ ಪೀಠ ಇದೆ. ನಿಮ್ಮವರು ರಿಸೆಪ್ಟರ್ ಎಂದದ್ದು ಅದನ್ನೇ. ದೂತ ಬಂದು ಅದರಲ್ಲಿ ಕೂರಬೇಕು. ಕೂತಮೇಲೆ ಪೀಠ ಅಲುಗಿ, ಕೋಶದೊಳಕ್ಕೆ ಸುದ್ದಿ ಹೋಗಬೇಕು. ಕುಚ್ಚು ಕತ್ತರಿಸಿದ ದೂತನೂ ಪೀಠದಲ್ಲಿ ಗಟ್ಟಿಯಾಗಿಯೇ ಕೂರುತ್ತಾನೆ, ಆದರೆ ಒಳಗೆ ಸುದ್ದಿ ಹೋಗುವುದಿಲ್ಲ. ಇದನ್ನು ನನಗೆ ತಿಳಿಸಿದವನು ಆಡುಗಳ ವೈದ್ಯ ಈರಭದ್ರಪ್ಪ. ರಸಮನೆಯವರು ನೋಡುವುದು ನೀಲಿ ತಟ್ಟೆಯನ್ನು ಮಾತ್ರ: ದೂತ ಪೀಠದಲ್ಲಿ ಕೂತರೆ ತಟ್ಟೆ ನೀಲಿಯಾಗುತ್ತದೆ, ಸೀಸೆಗೆ ಮುದ್ರೆ ಬೀಳುತ್ತದೆ. ಆಡುಗಳ ರಸಕ್ಕೆ ಮಾತ್ರ ಇನ್ನೊಂದು ಪರೀಕ್ಷೆ ಇದೆ, ಮಿಣುಕು ತಟ್ಟೆ. ಸುದ್ದಿ ಒಳಗೆ ಮುಟ್ಟಿದರೆ ಅದರಲ್ಲಿನ ಜೀವಂತ ಕೋಶಗಳು ಮಿನುಗುತ್ತವೆ. ಆಡು ಗಬ್ಬವಾಗದಿದ್ದರೆ ಪಟ್ಟಣಕ್ಕೆ ಹಾಲಿಲ್ಲವಲ್ಲ.

ಇಂದು ಮಧ್ಯಾಹ್ನ ಆ ಮಿಣುಕು ತಟ್ಟೆಯನ್ನು ಹೊತ್ತು ಈರಭದ್ರಪ್ಪ, ಚಂಪಾವತಿ, ನಾನು ರಸಮನೆಗೆ ಹೋದೆವು. ರಸಮನೆಯ ಯಜಮಾನ ಶಿವಯೋಗೆಪ್ಪ ಎಲೆಅಡಿಕೆ ಮೆಲ್ಲುತ್ತ, ನೀಲಿಯಾದ ತಟ್ಟೆಯನ್ನು ಮುಂದೆ ತಳ್ಳಿದ.

“ಕುಂತೈತಲ್ಲವಾ. ಇನ್ನೇನ್ ಬೇಕು ನಿನಗ?”

ಚಂಪಾವತಿ ಅದನ್ನು ಮುಟ್ಟಲಿಲ್ಲ. “ಕುಂತೈತಿ ಖರೆ, ಅಣ್ಣಾರ. ಒಳಗ ಏನರ ಹೇಳೇತೇನು?”

ಅವಳ ಹೆಸರಿನ ಸೀಸೆಯಿಂದ ಒಂದು ಹನಿ ಮಿಣುಕು ತಟ್ಟೆಯ ಒಂದು ಗುಳಿಯೊಳಗೆ ಬಿತ್ತು. ಕಾದೆವು. ಕತ್ತಲು. ಆಡಿನ ರಸವನ್ನು ಪಕ್ಕದ ಗುಳಿಗೆ ಬಿಟ್ಟರೆ ಮಿಂಚುಹುಳದ ಹಿಂಡಿನಂತೆ ಮಿನುಗಿತು. ಅದೇ ರಸವನ್ನು ಚಂಪಾವತಿಯ ಹನಿ ಬಿದ್ದ ಗುಳಿಗೆ ಬಿಟ್ಟೆವು. ಆಗಲೂ ಕತ್ತಲು. ಪೀಠಗಳೆಲ್ಲ ಮೊದಲೇ ಭರ್ತಿಯಾಗಿದ್ದವು. ಅಂದರೆ ನನ್ನ ಮಗಳ ಮೈಯಲ್ಲಿ ಅಷ್ಟಿಷ್ಟು ಹುಟ್ಟುತ್ತಿದ್ದ ಸ್ವಂತ ದೂತರಿಗೂ ಸೀಸೆಯ ಈ ಮಾತಾಡದ ದೂತರು ಜಾಗ ಬಿಟ್ಟಿರಲಿಲ್ಲ.

ಈರಭದ್ರಪ್ಪ ತಲೆ ಕೆರೆದುಕೊಂಡ. “ಆಡಿಗಿಂತ ಅಗ್ಗ ಆದ್ರಲ್ಲವ್ವ ನೀವು.”

ಶಿವಯೋಗೆಪ್ಪನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. ಕೊಪ್ಪರಿಗೆ ನಿಧಾನವಾಗಿ ನಡೆದರೆ ಮಾತ್ರ ಕುಚ್ಚು ತುಂಬಿ ಬರುತ್ತದೆ, ಆದರೆ ಬೇಗ ಇಳಿಸಿರೆಂದು ಮಂಡಳಿಯಿಂದ ಅಪ್ಪಣೆ ಬಂದಿದೆ ಎಂದು ಒಪ್ಪಿಕೊಂಡ. ಅಪ್ಪಣೆ ಕೊಟ್ಟವರಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. ಅವನು ಕಿಟಕಿ ಮುಚ್ಚಿದ. ಅದು ಆತುರವೋ, ಊರಿನಲ್ಲಿ ಉಣ್ಣುವ ಬಾಯಿಗಳನ್ನು ಕಡಿಮೆ ಮಾಡುವ ಉಪಾಯವೋ ನನಗಿನ್ನೂ ತಿಳಿಯದು. ಆತುರವೆಂದು ಕೈಮುಟ್ಟಿ ಆಣೆ ಮಾಡಿದರೂ ನಂಬಲಾರೆ.

ನಾಳೆ ಸೀಸೆ ತೆಗೆದುಕೊಳ್ಳದಿದ್ದರೆ ಚಂಪಾವತಿಯ ಸರದಿ ಮುಗಿದಂತೆ; ಮುಂದೆ ಕೇಳುವ ಹಕ್ಕಿಲ್ಲ. ತೆಗೆದುಕೋ, ಎಲ್ಲೋ ಒಂದು ಸೀಸೆ ಸರಿ ಇದ್ದೀತು ಎಂದು ತಾಯಿಯಾಗಿ ಗೋಗರೆದೆ. ಅವಳು ತಲೆಗೂದಲು ಬಿಗಿದು ಕಟ್ಟುತ್ತ, “ಯವ್ವಾ, ನನ್ನ ಹಿಂದ ಸಾಲಿನ್ಯಾಗ ನಿಂತಾಕಿಗೆ ಏನಂತ ಹೇಳ್ಲಿ?” ಎಂದಳು.

ಹಿಂದಿನವರೇ, ಇಂಥ ದೂತರನ್ನು ಕೊಪ್ಪರಿಗೆಯಲ್ಲಿ ಬೆಳೆಸಲು ಕಲಿತವರು ನೀವು. ಪರೀಕ್ಷೆಯ ಕಟ್ಟಳೆ ಬರೆಯುವ ಕೈಯೂ ನಿಮ್ಮದೇ. ಕೂತಿತೇ ಎಂದು ಕೇಳಿ ಲೇಖನಿ ಕೆಳಗಿಡಬೇಡಿ. ಕೋಶದೊಳಗೆ ಸುದ್ದಿ ಮುಟ್ಟಿತೇ ಎಂಬುದನ್ನೂ ಬರೆಯಿರಿ. ಬರೆದಮೇಲೆ ಅದನ್ನು ಅಳಿಸಲು ಬರುವವರ ಮೇಲೆ ಕಣ್ಣಿಡಿ.

ನನ್ನ ಮಗಳು ನಾಳೆ ಸಾಲಿನಲ್ಲಿ ನಿಲ್ಲುವುದಿಲ್ಲ. ರಸಮನೆಯ ಹೊಸ್ತಿಲಿಗೆ ಅಡ್ಡವಾಗಿ, ಕತ್ತಲಾದ ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಬರುವ ಒಬ್ಬೊಬ್ಬಳಿಗೂ ತೋರಿಸುತ್ತಾಳೆ. ಅವಳನ್ನು ಎಬ್ಬಿಸಲು ಬರುವವರು ಮೊದಲು ನನ್ನನ್ನು ದಾಟಬೇಕು.

ಹೋಗಿ ಬರುತ್ತೇನೆ.

ಗುರುಸಿದ್ದವ್ವ