ನಮ್ಮ ಹುಡುಗನ ಎಡಗಡೆ ಕಾಯುವವರು ಯಾರು?

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ಬರುವ ಭಾನುವಾರವೂ ಎಮರಿ ಟಾಲಿವರ್‌ನನ್ನೇ ಆಡಿಸುತ್ತೀರಂತೆ. ಇಪ್ಪತ್ತೆರಡು ತುಂಬಿದ ಹುಡುಗ, ಪಕ್ಕೆಲುಬಿಗೆ ಪಟ್ಟಿ ಸುತ್ತಿಸಿಕೊಂಡಿದ್ದಾನೆ, ಎಡಗಡೆ ಕಾಯಲು ಅವನಿಗೆ ನೆಟ್ಟಗೆ ಒಬ್ಬ ಮನುಷ್ಯನಿಲ್ಲ, ಎದುರಿಗೆ ಬರುತ್ತಿರುವುದು ನುಗ್ಗಿ ಕೆಡವುವುದರಲ್ಲಿ ದೇಶಕ್ಕೆಲ್ಲ ಹೆಸರಾದ ತಂಡ. ನಿನ್ನೆ ಪತ್ರಿಕೆಯವರ ಮುಂದೆ ಕೂತು ಇದಕ್ಕೆಲ್ಲ ನೀವು ‘ಬೆಳವಣಿಗೆ’ ಎಂದು ಹೆಸರಿಟ್ಟಿರಿ. ದಯವಿಟ್ಟು ಅವನನ್ನು ಆಡಿಸಬೇಡಿ. ನಾನು ಬರೆಯುತ್ತಿರುವುದು ಇಷ್ಟಕ್ಕೇ. ಮಿಕ್ಕದ್ದನ್ನು ಓದಲು ನಿಮಗೆ ಪುರಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಅವನನ್ನು ಕೂರಿಸಿಬಿಡಿ. ನನಗೇನೂ ಬೇಸರವಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುತ್ತ ಮುದುಕಿಯಾದವಳು. ಬರೆಯಲು ಕಲಿತದ್ದೇ ತಂಗಿ ಇಲೋನಾಗೆ ಪತ್ರ ಬರೆಯುತ್ತ. ಅವಳು ಮದುವೆಯಾಗಿ ಅರಿಜೋನಾಕ್ಕೆ ಹೋದಾಗಿನಿಂದ ಪ್ರತಿ ಪಂದ್ಯ ಮುಗಿದ ಮೇಲೆ ಅಡುಗೆಮನೆ ಮೇಜಿನ ಮುಂದೆ ಕೂತು ಅವಳಿಗೆ ವರದಿ ಒಪ್ಪಿಸುತ್ತೇನೆ. ಈ ಸಲ ಅವಳು ಫೋನು ಮಾಡಿ, "ಅಕ್ಕಾ, ಸಾಕು ಮಾರಾಯ್ತಿ. ಇದನ್ನೆಲ್ಲ ನಂಗ್ಯಾಕೆ ಬರೀತೀಯ? ನಾನೇನು ಆ ಹುಡುಗನ್ನ ಕೂರಿಸೋಕಾಗತ್ತಾ? ಯಾರ ಕೈಲಿದೆಯೋ ಅವರಿಗೇ ಬರಿ" ಎಂದಳು. ಅವಳು ಹೇಳಿದ್ದು ಸರಿಯೆನಿಸಿತು. ತಮ್ಮ ಕಚೇರಿಗೆ ಕಳಿಸಿದರೆ ‘ನಿಮ್ಮ ಅಭಿಮಾನಕ್ಕೆ ಧನ್ಯವಾದ’ ಎಂಬ ಅಚ್ಚು ಹಾಕಿದ ಉತ್ತರ ಬರುತ್ತದೆಂದು ಅನುಭವದಿಂದ ಗೊತ್ತಿರುವುದರಿಂದ ಊರಿನ ಪತ್ರಿಕೆಗೆ ಕಳಿಸಿದ್ದೇನೆ.

ತಮಗೆ ತಿಳಿಯದ ವಿಷಯವೇನಲ್ಲ, ಆದರೂ ತಮ್ಮ ತೀರ್ಮಾನಗಳನ್ನು ನೋಡಿದ ಮೇಲೆ ಮೊದಲಿನಿಂದ ಹೇಳುವುದೇ ಒಳ್ಳೆಯದು. ನಮ್ಮ ಎಮರಿಯಂಥ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಕೈಗೆ ಬಂದ ಮೇಲೆ ಎರಡು ಮೂರು ಉಸಿರಿನೊಳಗೆ ಯಾರಿಗೆ ಎಸೆಯಬೇಕೆಂದು ಕಂಡುಕೊಳ್ಳಬೇಕಾದವನು. ಅವನು ಮುಂದೆ ನೋಡುತ್ತಿರುವಾಗ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ತಡೆಯಲು ಮುಂದೆ ಐದು ಜನ ಕಾವಲಿನವರು. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಕ್ಕೆ ತಿರುಗುವುದರಿಂದ ಆ ಕಡೆಯಿಂದ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಎಡ ತುದಿಯ ಕಾವಲಿನವನು ಅವನಿಗೆ ಬೆನ್ನಿನ ಕಣ್ಣಿದ್ದ ಹಾಗೆ. ಅಂಥ ಒಬ್ಬ ಒಳ್ಳೆಯ ಆಳು ನಮ್ಮಲ್ಲಿದ್ದ. ಬೇಸಗೆಯಲ್ಲಿ ತಾವು ಅವನನ್ನು ಬೇರೆ ತಂಡಕ್ಕೆ ದಾಟಿಸಿದಿರಿ. ಅವನ ಜಾಗಕ್ಕೆ ಬಂದವನ ಮೊಣಕಾಲು ಮುರಿಯಿತು. ಅವನ ಜಾಗಕ್ಕೆ ಬಂದವನು ಕಳೆದ ವಾರವಷ್ಟೇ ಊರಿಗೆ ಬಂದಿಳಿದವನು. ಪಾಪ, ಅವನಿಗೆ ಜೊತೆಯವರ ಹೆಸರೂ ಬಾಯಿಗೆ ಬಂದಿರಲಿಲ್ಲ.

ಆಗಸ್ಟಿನಲ್ಲಿ ತಾವು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಎಮರಿ ಈ ವರ್ಷ ಆಡುವುದಿಲ್ಲ, ಹಿರಿಯ ಲೈಲ್ ಬ್ರಾಂಡ್ಟ್ ಪಕ್ಕದಲ್ಲಿ ಕೂತು ನೋಡಿ ಕಲಿಯುತ್ತಾನೆ, ಅವಸರವಿಲ್ಲ." ಎಷ್ಟು ವರ್ಷಗಳ ಮೇಲೆ ಈ ಊರಿನ ಕಿವಿಗೆ ಬಿದ್ದ ಬುದ್ಧಿಯ ಮಾತು! ನಾನು ಇಲೋನಾಗೆ ಸಂತೋಷದಿಂದ ಬರೆದೆ, ಈ ಸಲದವರಿಗೆ ತಾಳ್ಮೆಯಿದೆ ಕಣೇ ಎಂದು. ತಮ್ಮ ತಾಳ್ಮೆ ಮೂರು ಸೋಲಿಗೆ ಮುಗಿಯಿತು. ಬ್ರಾಂಡ್ಟ್ ಈಗ ಟೋಪಿ ಹಾಕಿಕೊಂಡು, ಮೈಯಲ್ಲಿ ಒಂದು ಗಾಯವೂ ಇಲ್ಲದೆ, ಬೆಂಚಿನ ಮೇಲೆ ಕೂತಿದ್ದಾನೆ. ಕೂತು ಕಲಿಯಬೇಕಾದವನು ನೆಲದ ಮೇಲೆ ಬಿದ್ದು ಕಲಿಯುತ್ತಿದ್ದಾನೆ. ಜೊತೆಗೆ ಅಕ್ಟೋಬರಿನಲ್ಲಿ ತರಬೇತುದಾರರನ್ನೂ ಬದಲಿಸಿದಿರಿ. ಹೊಸಬರು ಬಂದು ಆಟದ ಅದೇ ಹಳೆಯ ತಂತ್ರಗಳಿಗೆಲ್ಲ ಹೊಸ ಹೆಸರಿಟ್ಟರು. ಈಜು ಕಲಿಯುತ್ತಿರುವವನಿಗೆ ನಡುನೀರಿನಲ್ಲಿ ಗುರು ಬದಲಾದರೆ ಅವನು ಏನು ಕಲಿಯಬೇಕು? ಇಷ್ಟರ ನಡುವೆ ಕ್ರೀಡಾಂಗಣದ ಗೋಡೆಗೆ ಅವನ ಚಿತ್ರವನ್ನು ಹತ್ತು ಮಹಡಿ ಎತ್ತರಕ್ಕೆ ತೂಗುಹಾಕಿದ್ದೀರಿ. ತಾವು ಹೇಳುವ ಬೆಳವಣಿಗೆ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ ಮಾತ್ರ.

ಕಳೆದ ಭಾನುವಾರದ ಸಂಗತಿಗೆ ಬರುತ್ತೇನೆ. ಅದಕ್ಕೆ ಮುಂಚೆ ಈ ಊರಿನ ಒಂದು ವಾಡಿಕೆ ಹೇಳಬೇಕು. ತಾವು ಹೊರಗಿನಿಂದ ಬಂದವರು, ತಮಗೆ ಯಾರೂ ಹೇಳಿದಂತೆ ಕಾಣಲಿಲ್ಲ.

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಬೇಲಾ ನನ್ನನ್ನು ಮೊದಲ ಸಲ ಪಂದ್ಯಕ್ಕೆ ಕರೆದುಕೊಂಡು ಹೋದರು. ನಮ್ಮ ಕ್ವಾರ್ಟರ್‌ಬ್ಯಾಕ್ ಸಾಲಿನ ಹಿಂದೆ ಬಂದು ನಿಂತದ್ದೇ ನಾನು ಎದ್ದು, ಕೈಬೀಸಿ, ಕಿರುಚತೊಡಗಿದೆ. ಬೇಲಾ ಮೆಲ್ಲನೆ ನನ್ನ ತೋಳು ಹಿಡಿದು ಕೂರಿಸಿದರು. "ಸುಮ್ನಿರೇ, ನಮ್ಮ ಹುಡುಗ ಮಾತಾಡ್ತಿದಾನೆ." ಸುತ್ತ ನೋಡಿದೆ. ಇಡೀ ಕ್ರೀಡಾಂಗಣ ತಣ್ಣಗೆ ಕೂತಿತ್ತು. ಬಿಯರ್ ಮಾರುವವನೂ ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟಿದ್ದ. ಎದುರಾಳಿಯ ಕೈಯಲ್ಲಿ ಚೆಂಡಿರುವಾಗ ಗಂಟಲು ಹರಿಯುವಂತೆ ಕೂಗು. ನಮ್ಮ ಹುಡುಗ ತನ್ನವರಿಗೆ ಕೂಗಿ ಹೇಳುವಾಗ ಉಸಿರು ಬಿಗಿಹಿಡಿ. ಗೆದ್ದ ವರ್ಷಗಳು ಬೆರಳೆಣಿಕೆಯಷ್ಟೂ ಇಲ್ಲದ ಈ ಊರಿನವರು ಅಪ್ಪನಿಂದ ಮಗನಿಗೆ, ಗಂಡನಿಂದ ಹೆಂಡತಿಗೆ ದಾಟಿಸಿಕೊಂಡು ಬಂದಿರುವ ಆಸ್ತಿ ಇದೊಂದೇ.

ಭಾನುವಾರ ಏನಾಯಿತು? ಮೂರನೆಯ ಭಾಗದಲ್ಲಿ ನಾವು ನಮ್ಮದೇ ಗೋಲಿನ ಬಾಯಿಯಲ್ಲಿದ್ದೆವು. ಎಮರಿ ಬಂದು ನಿಂತು ಎದುರು ಸಾಲನ್ನು ನೋಡಿದ. ಅವರು ಎಡಗಡೆಯಿಂದ ನುಗ್ಗುವ ಹುನ್ನಾರದಲ್ಲಿದ್ದಾರೆಂದು ಅವನಿಗೆ ತಿಳಿಯಿತು. ಅದು ಕಾಣುವುದಕ್ಕೇ ಕೆಲವರಿಗೆ ವರ್ಷಗಳು ಬೇಕು, ಈ ಹುಡುಗನಿಗೆ ಕಂಡಿತು! ಆಟದ ತಂತ್ರ ಬದಲಿಸಲು ಅವನು ತನ್ನವರ ಕಡೆ ಬಾಗಿ ಕೂಗಿದ. ಅದೇ ಹೊತ್ತಿಗೆ ತಮ್ಮ ಹೊಸ ದೊಡ್ಡ ಪರದೆಯ ಮೇಲೆ ಬೆಂಕಿಯ ಅಕ್ಷರಗಳು ಎದ್ದವು: ‘ಇನ್ನೂ ಜೋರಾಗಿ!’ ಜೊತೆಗೆ ಧ್ವನಿವರ್ಧಕದಲ್ಲಿ ನಗಾರಿ. ತಾವು ಹೊಸದಾಗಿ ಕರೆತಂದಿರುವ, ವಾಡಿಕೆ ತಿಳಿಯದ ಜನ ಪರದೆಯ ಮಾತಿಗೆ ಎದ್ದು ಬೊಬ್ಬೆ ಹೊಡೆದರು. ನಮ್ಮ ಸಾಲಿನ ಮುದುಕರೆಲ್ಲ ತುಟಿಗೆ ಬೆರಳಿಟ್ಟುಕೊಂಡು ಅತ್ತಿತ್ತ ತಿರುಗಿ "ಶ್! ಶ್!" ಎಂದೆವು. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಎಡ ತುದಿಯ ಹೊಸಬನಿಗೆ ಎಮರಿಯ ಕೂಗು ಕೇಳಿಸಲಿಲ್ಲ. ಅವನು ಮೊದಲು ಹೇಳಿದ್ದಂತೆಯೇ ಬಲಕ್ಕೆ ಹೆಜ್ಜೆಯಿಟ್ಟ. ಎಡದಿಂದ ಎತ್ತಿನಂಥ ಒಬ್ಬ ಆಳು ಯಾರ ತಡೆಯೂ ಇಲ್ಲದೆ ಬಂದು ಹುಡುಗನ ಬೆನ್ನಿಗೆ ಬಿದ್ದ. ಚೆಂಡು ಒಂದು ಕಡೆ, ತಲೆಕವಚ ಒಂದು ಕಡೆ. ಅವನು ಎದ್ದು ಕೂರುವವರೆಗೆ ಇಡೀ ಕ್ರೀಡಾಂಗಣ ಮತ್ತೆ ಮೌನವಾಯಿತು. ಎದ್ದು ಕುಂಟುತ್ತ ಹೋದಾಗ ನಮ್ಮವರೇ ಕೆಲವರು ಛೀಮಾರಿ ಹಾಕಿದರು.

ಸಂಜೆ ತಾವು ಹೇಳಿದಿರಿ: "ಚೆಂಡನ್ನು ಬಹಳ ಹೊತ್ತು ಹಿಡಿದುಕೊಂಡ. ಇಂಥ ತಪ್ಪುಗಳೂ ಬೆಳವಣಿಗೆಯ ಭಾಗ." ಮಾನ್ಯರೇ, ತಪ್ಪು ಯಾರದು? ನೋಡಿದವನದೇ, ಕೇಳಿಸದವನದೇ, ಕೇಳಿಸದಂತೆ ನಗಾರಿ ಬಾರಿಸಿದವರದೇ?

ಪಂದ್ಯ ಮುಗಿದ ಮೇಲೆ ನಮ್ಮ ಗುಂಪು ವಾಹನ ನಿಲ್ಲಿಸುವ ಬಯಲಿನಲ್ಲಿ ಒಲೆಯ ಸುತ್ತ ನಿಲ್ಲುತ್ತದೆ. ಸೋತರೂ ನಿಲ್ಲುತ್ತೇವೆ, ಮಾಡಿಕೊಂಡು ಬಂದ ಅಡುಗೆ ಸೋತಿರುವುದಿಲ್ಲವಲ್ಲ. ಪಕ್ಕದ ಮನೆಯ ಅರ್ನೋ ಬಾಲಿಂಟ್‌ನ ವ್ಯಾನು, ನನ್ನ ಎಲೆಕೋಸಿನ ಸುರುಳಿಗಳ ಪಾತ್ರೆ, ಮತ್ತು ಟ್ರೆಂಟ್ ಹೋಲ್‌ಕಾಂಬ್.

ಟ್ರೆಂಟ್ ಯಾರೆಂದು ತಮ್ಮ ಕಚೇರಿಯಲ್ಲಿ ಹಳಬರು ಉಳಿದಿದ್ದರೆ ಕೇಳಿ ನೋಡಿ. ಹದಿನೈದು ವರ್ಷದ ಹಿಂದೆ ಅವನ ಚಿತ್ರವೂ ಆ ಗೋಡೆಯ ಮೇಲಿತ್ತು. ಅವನನ್ನೂ ಕಾಲೇಜಿನಿಂದ ತಂದ ವರ್ಷವೇ ಕಾವಲಿಲ್ಲದ ಸಾಲಿನ ಹಿಂದೆ ನಿಲ್ಲಿಸಿದರು. ಎಸೆದರೆ ಚೆಂಡು ಹಕ್ಕಿಯ ಹಾಗೆ ಹೋಗುತ್ತಿತ್ತು. ಬಿದ್ದೂ ಬಿದ್ದೂ ಎರಡನೆಯ ವರ್ಷಕ್ಕೆ ಎಸೆಯುವ ಮುಂಚೆ ಭುಜ ಕುಗ್ಗಿಸಿ ಹಿಂದೆ ನೋಡತೊಡಗಿದ. ಹಿಂದೆ ನೋಡುವವನು ಮುಂದೆ ಎಸೆಯುವುದು ಹೇಗೆ? ಮೂರನೆಯ ವರ್ಷ ಅವನನ್ನು ಬಿಟ್ಟುಕಳಿಸಿ ಹೊಸಬನನ್ನು ತಂದರು. ಈಗ ಇಲ್ಲೇ ಒಂದು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ಒಳ್ಳೆಯ ಗಂಡ, ಒಳ್ಳೆಯ ತಂದೆ. ಆದರೆ ದಿನಸಿ ಅಂಗಡಿಯಲ್ಲಿ ಯಾರಾದರೂ ಎಡಗಡೆಯಿಂದ ತಳ್ಳುಗಾಡಿ ತಂದರೆ ಥಟ್ಟನೆ ಬಗ್ಗುತ್ತಾನೆ. ಎಲ್ಲಿ ಹೋದರೂ ಬೆನ್ನಿಗೊಂದು ಗೋಡೆ ಹುಡುಕುತ್ತಾನೆ. ಬಯಲಿನಲ್ಲಿ ಗೋಡೆಯಿಲ್ಲವೆಂದು ಅರ್ನೋನ ವ್ಯಾನಿಗೆ ಬೆನ್ನು ಕೊಟ್ಟೇ ನಿಲ್ಲುತ್ತಾನೆ. ಆಟ ಬಿಟ್ಟಮೇಲೆ ಕ್ರೀಡಾಂಗಣದ ಒಳಗೆ ಕಾಲಿಟ್ಟವನಲ್ಲ. ಬಯಲಿಗೆ ಬರುತ್ತಾನೆ, ಉಣ್ಣುತ್ತಾನೆ, ನಾವು ಒಳಗೆ ಹೋದ ಮೇಲೆ ರೇಡಿಯೊ ಕೇಳುತ್ತ ಕೂರುತ್ತಾನೆ.

ಅಂದು ಆಟಗಾರರ ಕಾರುಗಳು ಒಂದೊಂದೇ ಹೊರಡುತ್ತಿದ್ದಾಗ ಎಮರಿಯ ಕಾರು ನಮ್ಮ ಒಲೆಯ ಹತ್ತಿರ ನಿಂತಿತು. ಗೆದ್ದವರೂ ಹಾಗೆ ನಿಲ್ಲಿಸುವುದು ಅಪರೂಪ.

"ಅಜ್ಜಿ, ಆ ವಾಸನೆ ನಿಮ್ಮ ಪಾತ್ರೆದೇ ತಾನೇ?"

"ಇಳಿಯಪ್ಪ, ಇಳಿ. ಸೋತವರಿಗೆ ಎರಡು ಸುರುಳಿ, ಒದೆ ತಿಂದವರಿಗೆ ಮೂರು."

"ಹಾಗಾದ್ರೆ ಐದು ಕೊಡಿ," ಎಂದ. ನಗಲು ಹೋಗಿ ಪಕ್ಕೆ ಹಿಡಿದುಕೊಂಡ.

ಅರ್ನೋಗೆ ಬಾಯಿ ಸುಮ್ಮನಿರದು. "ಏನಪ್ಪಾ, ಆ ಎಡಗಡೆಯೋನು ಬಲಗಡೆ ಏನು ಹುಡುಕ್ತಿದ್ದ? ಅವರಮ್ಮ ಬಂದಿದ್ರಾ?"

"ಅವನನ್ನ ಅನ್ನಬೇಡಿ ಅಂಕಲ್. ಪಾಪ, ಅವನಿಗೆ ಕೇಳಿಸ್ಲಿಲ್ಲ. ನಾನು ಇನ್ನೂ ಜೋರಾಗಿ ಕೂಗ್ಬೇಕಿತ್ತು."

ತಾವು ಅವನ ಮೇಲೆ ಹೊರಿಸಿದ್ದನ್ನು ಅವನು ತನ್ನ ಜೊತೆಯವನ ಮೇಲೆ ಹೊರಿಸಲಿಲ್ಲ. ಇಂಥವನನ್ನು ಈ ಊರು ಎಷ್ಟು ವರ್ಷಗಳಿಂದ ಕಾಯುತ್ತಿದೆ ಗೊತ್ತೆ?

ಟ್ರೆಂಟ್ ವ್ಯಾನಿಗೆ ಒರಗಿಕೊಂಡು ಅವನನ್ನೇ ನೋಡುತ್ತಿದ್ದ. ಎಮರಿ ತಟ್ಟೆ ತೆಗೆದುಕೊಂಡ. ಸುತ್ತ ಮಡಿಸುವ ಕುರ್ಚಿಗಳು ಖಾಲಿಯಿದ್ದವು, ಒಲೆಯ ಬೆಂಕಿ ಬೆಚ್ಚಗಿತ್ತು. ಅವನು ಕೂರಲಿಲ್ಲ. ತಟ್ಟೆ ಹಿಡಿದು ಒಂದು ಸಲ ಎಡಕ್ಕೆ ನೋಡಿದ, ಮತ್ತೊಂದು ಸಲ ನೋಡಿದ, ಆಮೇಲೆ ನಿಧಾನವಾಗಿ ಹೋಗಿ ಟ್ರೆಂಟ್ ಪಕ್ಕದಲ್ಲಿ ವ್ಯಾನಿಗೆ ಬೆನ್ನು ಕೊಟ್ಟು ನಿಂತು ಉಂಡ.

ಟ್ರೆಂಟ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. "ಯಾವಾಗಿಂದ ಹೀಗೆ?" ಎಂದು ಕೇಳಿದ.

"ಹೀಗೆ ಅಂದ್ರೆ?" ಎಂದ ಹುಡುಗ. ಅವನಿಗಿನ್ನೂ ಗೊತ್ತೇ ಇಲ್ಲ.

ಮಾನ್ಯರೇ, ತಮ್ಮ ಬೆಳವಣಿಗೆಯ ಯೋಜನೆಯಲ್ಲಿ ಅವನು ಇಲ್ಲಿಯವರೆಗೆ ಕಲಿತ ಪಾಠ ಇದು. ಇನ್ನು ಸ್ವಲ್ಪ ದಿನ ಕಲಿಸಿದರೆ ಪೂರ್ತಿ ಬಾಯಿಪಾಠವಾಗುತ್ತದೆ.

ಅವನು ಹೋದ ಮೇಲೆ ಅರ್ನೋ ನನ್ನ ಜೊತೆ ವಾದಕ್ಕಿಳಿದ. "ಆದ್ರೂ ಅಕ್ಕಾ, ಆಡದೆ ಕಲಿಯೋದು ಹೇಗೆ? ಅಡುಗೆಮನೆಗೇ ಹೋಗ್ದೆ ಅಡುಗೆ ಬರತ್ತಾ?" ತಮ್ಮ ವಾದವೂ ಇದೇ ಎಂದು ಬಲ್ಲೆ, ಅದರಲ್ಲಿ ಸತ್ಯವೂ ಇದೆ. ಆಡಿ ಕಲಿತು ದೊಡ್ಡವರಾದವರು ಇದ್ದಾರೆ. ಅವರ ಮುಂದೆ ಐದು ಜನ ಗಟ್ಟಿಯಾಗಿ ನಿಂತಿದ್ದರು, ಒಬ್ಬನೇ ತರಬೇತುದಾರ ವರ್ಷಗಟ್ಟಲೆ ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದ. ನಾನು ಅರ್ನೋಗೆ, "ಅಡುಗೆಮನೆಗೆ ಹೋಗ್ಲಿ ಕಣೋ, ಬೆಂಕಿ ಹತ್ತಿಕೊಂಡಿರೋ ಅಡುಗೆಮನೆಗೆ ಬೇಡ" ಎಂದೆ. ಅವನು ಗೊಣಗುತ್ತ ಒಲೆ ಆರಿಸಿದ.

ನಾವು ಗೆಲುವು ಕೇಳುತ್ತಿಲ್ಲ. ಗೆಲುವು ಕೇಳುವ ಚಟ ನಮಗೆ ಯಾವತ್ತೋ ಬಿಟ್ಟುಹೋಯಿತು. ಕೇಳುವುದು ಇಷ್ಟೇ. ಈ ಭಾನುವಾರದಿಂದ ಋತು ಮುಗಿಯುವವರೆಗೆ ಬ್ರಾಂಡ್ಟ್ ಆಡಲಿ, ಎಮರಿ ಆಗಸ್ಟಿನಲ್ಲಿ ತಾವೇ ಹೇಳಿದ ಹಾಗೆ ಪಕ್ಕದಲ್ಲಿ ಕೂತು ನೋಡಲಿ. ಪಕ್ಕೆ ವಾಸಿಯಾಗಲಿ. ಈಗಿರುವ ತರಬೇತುದಾರರನ್ನು ಮುಂದಿನ ವರ್ಷವೂ ಇರಗೊಡಿ. ಅವರು ಅಷ್ಟೇನೂ ಒಳ್ಳೆಯವರಲ್ಲ, ಆದರೆ ಅವರು ತಂತ್ರಗಳಿಗಿಟ್ಟ ಹೆಸರುಗಳನ್ನು ಹುಡುಗ ಕಲಿತಾಗಿದೆ. ವಸಂತದಲ್ಲಿ ಹೊಸಬರನ್ನು ಆರಿಸುವಾಗ ಕಣ್ಣು ಕೋರೈಸುವವನ ಹಿಂದೆ ಹೋಗದೆ ಮೊದಲು ಎಡಗಡೆಗೊಬ್ಬ ಗಟ್ಟಿ ಆಳನ್ನು ತನ್ನಿ. ನಮ್ಮ ಹುಡುಗ ಮಾತಾಡುವಾಗ ಆ ಪರದೆಯನ್ನು ಆರಿಸಿ. ಇದು ಇವತ್ತೇ ಆಗುವ ಕೆಲಸ, ಇದಕ್ಕೆ ಯೋಜನೆ ಬೇಡ.

ತಾವು ಇದಾವುದನ್ನೂ ಮಾಡುವುದಿಲ್ಲವೆಂದು ಅರ್ನೋ ಹೇಳುತ್ತಾನೆ, ಇಲೋನಾ ಹೇಳುತ್ತಾಳೆ, ನನ್ನ ಮನಸ್ಸೂ ಹೇಳುತ್ತದೆ. ಹಾಗಾಗಿ ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಭಾನುವಾರ ಬರುವ ಎಲ್ಲರಿಗೂ ಈ ಪತ್ರಿಕೆಯ ಮೂಲಕ ಬೇಡಿಕೊಳ್ಳುತ್ತೇನೆ: ಪರದೆ ಏನೇ ಹೇಳಲಿ, ಎಮರಿ ಸಾಲಿನ ಹಿಂದೆ ಬಂದು ನಿಂತಾಗ ಪಕ್ಕದವರ ತೋಳು ಹಿಡಿದು ಕೂರಿಸಿ. ಅವನ ಕೂಗು ಅವನವರಿಗೆ ಕೇಳಿಸಲಿ.

ಇನ್ನೊಂದು ಮಾತು. ನಿನ್ನೆ ತಮ್ಮ ಘೋಷಣೆ ಬಂದ ಮೇಲೆ ಟ್ರೆಂಟ್ ನಮ್ಮ ಮನೆಗೆ ಬಂದಿದ್ದ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು, "ಅಮ್ಮಾ, ಬೇಲಾ ಅವರ ಸೀಟು ಇನ್ನೂ ಇದೆಯಾ?" ಎಂದ. ಇದೆ. ಬೇಲಾ ಹೋದ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಅದು ಕಟ್ಟಕಡೆಯ ಸಾಲು, ಹಿಂದೆ ಕಾಂಕ್ರೀಟಿನ ಗೋಡೆ.

"ಯಾಕೋ?" ಎಂದೆ.

"ಅವನು ಬೀಳೋವಾಗ ಎಡಗಡೆಯಿಂದ ಬರೋನನ್ನ ಯಾರೂ ನೋಡ್ತಿರ್ಲಿಲ್ಲ ಅಂತ ಆಗ್ಬಾರ್ದು. ನಾನು ನೋಡ್ತೀನಿ."

ಆದ್ದರಿಂದ ಮಾನ್ಯರೇ, ನಮ್ಮ ಹುಡುಗನ ಎಡಗಡೆ ಕಾಯಲು ತಮಗೆ ಸಿಗದಿದ್ದ ಮನುಷ್ಯ ನಮಗೆ ಸಿಕ್ಕಿದ್ದಾನೆ. ಆದರೆ ಅವನು ತೀರಾ ಮೇಲೆ ಕೂತಿರುತ್ತಾನೆ.

ಇಂತಿ,
ಬೇಡವೆಂದರೂ ಭಾನುವಾರ ಬಂದೇ ಬರುವ,
ವಿಲ್ಮಾ ಕೊವಾಚ್
ಉತ್ತರದ ಗೋಲಿನ ಹಿಂದೆ, ಕಡೆಯ ಸಾಲು, ಗೋಡೆಯ ಪಕ್ಕ