ಮ್ಯಾಕ್ಸ್ ಗೆರೆವರೆಗೆ

ನವೆಂಬರ್ 10, ಭಾನುವಾರ

ಕಾರು ಬಂತು, ಕಾರು ಬಂತು, ನಮ್ಮದೇ ಕಾರು! ಮದುವೆಯಾಗಿ ನಲವತ್ತೊಂದನೇ ದಿನಕ್ಕೆ! ಹದಿನಾರು ವರ್ಷ ಹಳೆಯ ಆಲ್ಟೊ. ಹಿಂದಿನ ಒಂದು ಡೋರ್ ಒಳಗಿನಿಂದ ಮಾತ್ರ ತೆರೆಯುತ್ತದೆ. ಸೋ ಕ್ಯೂಟ್! ಇನ್ನು ಜ್ಞಾನೇಶ್ ಭದ್ರಾವತಿಯಿಂದ ಶಿವಮೊಗ್ಗದ ಆಫೀಸಿಗೆ ಬಸ್ಸಿನಲ್ಲಿ ನೇತಾಡಬೇಕಿಲ್ಲ. ಮಾವ ಟೈರಿಗೆ ನಿಂಬೆಹಣ್ಣು ಇಟ್ಟರು. ನೇರ ಸಕ್ರೆಬೈಲು ಆನೆ ಬಿಡಾರಕ್ಕೆ. ಆನೆಗೂ ನಮ್ಮ ಕಾರು ತೋರಿಸಿ ಬಂದೆವು.

ನವೆಂಬರ್ 13, ಬುಧವಾರ

ಜ್ಞಾನೇಶ್ ಇಂದು ಲೀವ್, ಮಧ್ಯಾಹ್ನ ಮಲಗಿದ್ದ. ಯೂಟ್ಯೂಬ್ ನೋಡಿಕೊಂಡು ಬಾನೆಟ್ ತೆರೆದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಿನಿಮಮ್ ಗೆರೆಗಿಂತಲೂ ಕೆಳಗೆ! ಹಿತ್ತಲ ಶೆಡ್ಡಿನಲ್ಲಿ ಬ್ರೇಕ್ ಆಯಿಲ್ ಬಾಟಲಿ ಸಿಕ್ಕಿತು — ಲೇಬಲ್ ಸಮೇತ. ಮ್ಯಾಕ್ಸ್ ಗೆರೆವರೆಗೆ ಸುರಿದೆ. ಅವನಿಗೆ ಹೇಳಿಲ್ಲ. ಆಮೇಲೆ ಸರ್‌ಪ್ರೈಸ್.

ನವೆಂಬರ್ 17, ಭಾನುವಾರ

"ಬ್ರೇಕ್ ಹಿಡ್ಕೊಂಡ್ರೆ ಬಿಡೋದೇ ಇಲ್ಲ ಮಾರಾಯ್ತಿ" ಎಂದ ಜ್ಞಾನೇಶ್. ಚಕ್ರದ ಹತ್ತಿರ ಸುಟ್ಟ ವಾಸನೆ.

ಸಂಜೆ ನೋಡಿದರೆ ಅತ್ತೆ ಅದೇ ಬಾಟಲಿಯಿಂದ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಾರೆ!

"ನಿಮ್ಮ ಮಾವ ಫ್ಯಾಕ್ಟರೀಲಿ ಇದ್ದಾಗಿಂದ ಹಿಂಗೇ ಕಣಮ್ಮ. ಒಂದು ಬಾಟ್ಲೀನೂ ಎಸೆಯಲ್ಲ. ಮೆಷಿನ್ ಎಣ್ಣೆ ಇದ್ರಲ್ಲೇ ತುಂಬಿಟ್ಟಿದ್ದಾರೆ."

ಮತ್ತೆ ಯೂಟ್ಯೂಬ್ ತೆರೆದೆ. ಬ್ರೇಕಿಗೆ ಆ ಎಣ್ಣೆ ಸೇರಿದರೆ ಒಳಗಿನ ರಬ್ಬರೆಲ್ಲ ಊದಿ ಬ್ರೇಕೇ ಹೋಗಬಹುದಂತೆ. ಹೇಳಬೇಕು. ಊಟ ಆದ ಮೇಲೆ... ಬೆಳಿಗ್ಗೆ...

ನವೆಂಬರ್ 18, ಬೆಳಿಗ್ಗೆ 8.40

ಹೋದ. ಅದೇ ಕಾರಿನಲ್ಲಿ. ಗೇಟಿನವರೆಗೂ ಹೋಗಿ "ಹುಷಾರು" ಎಂದೆ, ಅಷ್ಟೇ. ಫೋನ್ ಎತ್ತುತ್ತಿಲ್ಲ.

9.25

ಬದುಕಿದ್ದಾನೆ. ಮಾಚೇನಹಳ್ಳಿ ಹತ್ತಿರ ಲಾರಿಯ ಹಿಂದೆ ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಯಿತಂತೆ. ಹ್ಯಾಂಡ್ ಬ್ರೇಕ್ ಎಳೆದು ಮಣ್ಣಿಗೆ ಇಳಿಸಿದನಂತೆ. ಫೋನಿನಲ್ಲಿ ನಗುತ್ತಾ ಹೇಳಿದ. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನವೆಂಬರ್ 20, ಬುಧವಾರ

ಗ್ಯಾರೇಜಿಗೆ ಮಾವ, ಜ್ಞಾನೇಶ್, ನಾನು ಮೂವರೂ ಹೋದೆವು. ಮೆಕ್ಯಾನಿಕ್ ಧರ್ಮೇಂದ್ರ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೋರಿಸಿದ. ಅದರ ರಬ್ಬರ್ ಹಪ್ಪಳದಂತೆ ಉಬ್ಬಿ ನಿಂತಿತ್ತು.

"ಯಾರೋ ಬೇರೆ ಎಣ್ಣೆ ಹಾಕಿದಾರೆ ಸಾರ್."

"ಯಾರೋ ಏನಯ್ಯ, ಕಾರು ತಗೊಳ್ಳೋವಾಗ ಬಾನೆಟ್ ಎತ್ತಿ ನೋಡಿದೋನು ನೀನೊಬ್ಬನೇ!" ಮಾವ ಬೀದಿಗೆ ಕೇಳುವಂತೆ ಕೂಗಿದರು. "ನಾಳೆಯಿಂದ ನಮ್ಮ ನ್ಯೂ ಟೌನ್ ಬಡಾವಣೆಯೋರು ಯಾರೂ ಇಲ್ಲಿಗೆ ಬರದಂಗೆ ಮಾಡ್ತೀನಿ."

"ನಮ್ಮಪ್ಪನಾಣೆ ಸಾರ್, ನಾನಲ್ಲ." ಅವನ ಕಣ್ಣು ತುಂಬಿತ್ತು.

"ಮಾವ, ನಾನು" ಎಂದೆ. ಶೆಡ್ಡು, ಬಾಟಲಿ, ಎಲ್ಲ ಹೇಳಿದೆ. ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು. ಜ್ಞಾನೇಶ್ ನನ್ನತ್ತ ನೋಡಲಿಲ್ಲ.

ನವೆಂಬರ್ 22, ಶುಕ್ರವಾರ

ಪೈಪು ತೊಳೆದು, ಸಿಲಿಂಡರ್, ರಬ್ಬರ್ ಎಲ್ಲ ಹೊಸದು. "ಬಾಟ್ಲಿ ನಂದು, ಮೊದ್ಲು ನಾನೇ ಓಡಿಸ್ತೀನಿ" ಎಂದು ಮಾವ ನ್ಯೂ ಟೌನ್ ಒಂದು ಸುತ್ತು ಹಾಕಿ ಬಂದರು. ಧರ್ಮೇಂದ್ರನಿಗೆ ತಾವೇ ಟೀ ತಂದು ಕೊಟ್ಟರು.

ಜ್ಞಾನೇಶ್ ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನದ ಮೇಲೆ ಒಂದೇ ಮಾತು ಕೇಳಿದ. "ಸೋಮವಾರ ನಾನು ಹೊರಟಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

 ಆಗಲೇ ಮೈಸೂರಿನಿಂದ ಅಮ್ಮನ ಫೋನ್. ಮಗಳ ಮನೆಗೆ ಮೊದಲ ಸಲ ಬರುತ್ತಾಳೆ. "ಸ್ಟೇಷನ್‌ಗೆ ನಿಮ್ಮ ಕಾರಲ್ಲೇ ಬರ್ತೀರಿ ತಾನೇ?"  ಅವನನ್ನೇ ನೋಡಿದೆ.  ಕೊನೆಗೆ ಪೆನ್ನು ನನ್ನ ಮುಂದಿಟ್ಟು, "ಯಾವ ಟ್ರೈನ್ ಕೇಳು. ಇಬ್ರೂ ಕಾರಲ್ಲೇ ಹೋಗೋಣ" ಎಂದ.

ಕೇಳಿ ಬರೆದುಕೊಂಡೆ: ಭಾನುವಾರ. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್...