ಬೀದಿ ಕಡೆಯ ಕಿಟಕಿಯ ಗಾಜು

ಓನರ್ ಆಂಟಿಗೆ, ಮೇಲಿನ ಮನೆಯವಳ ನಮಸ್ಕಾರ.

ಕಟ್ಟಡದ ಕಿಟಕಿಗಳಿಗೆಲ್ಲ ಹೊಸ ಗಾಜು ಹಾಕಿಸುತ್ತಿದ್ದೀರಿ, ತುಂಬಾ ಸಂತೋಷ. ಬೀದಿಯ ಗದ್ದಲ ತಡೆಯಲು ಎರಡು ಪದರದ್ದು, ಹೊರಗಿನವರ ಕಣ್ಣು ಬೀಳದಂತೆ ಮಬ್ಬು ಗಾಜು. ಬಾಡಿಗೆಯವರ ಬಗ್ಗೆ ಇಷ್ಟು ಯೋಚಿಸುವವರು ಎಲ್ಲಿದ್ದಾರೆ? ಆದರೆ ನಮ್ಮ ಬೀದಿ ಕಡೆಯ ಕಿಟಕಿಗೆ ಮಾತ್ರ ದಯವಿಟ್ಟು ಪ್ಲೇನ್ ಗಾಜು ಹಾಕಿಸಿ.

ಎದುರಿನ ಟೈಲರ್ ಅಂಗಡಿಯಲ್ಲಿ ಹೊಲಿಯುವವಳು ನನ್ನ ಅಮ್ಮ. ಅವಳಿಗೆ ಕಿವಿ ಕೇಳಿಸುವುದಿಲ್ಲ. ನಮ್ಮ ಮಾತೆಲ್ಲ ಕೈಸನ್ನೆಯಲ್ಲೇ. ಬಸ್ಸು, ಲಾರಿ, ಹಾರ್ನು ಎಷ್ಟೇ ಬೊಬ್ಬೆ ಹೊಡೆದರೂ ರಸ್ತೆಯ ಆಚೆಯಿಂದ ಬರುವ ಅವಳ ಒಂದು ಮಾತೂ ದಾರಿ ತಪ್ಪುವುದಿಲ್ಲ. ಬಾಯಿಗೆ ಬಂದಂತೆ ಬೈಯುವವರನ್ನು ನೀವು ಕಂಡಿರಬಹುದು. ಕೈಗೆ ಬಂದಂತೆ ಬೈಯುವುದನ್ನು ಅಮ್ಮನಲ್ಲೇ ನೋಡಬೇಕು. ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ನೋಡು ಎಂದು ಇನ್ನೊಂದು ಕೈಯಲ್ಲಿ ಗದರುತ್ತಾಳೆ.

ನಿನ್ನೆ ನಾವು ಹಾಗೆ ಮಾತಾಡುತ್ತಿದ್ದಾಗಲೇ ಗಾಜಿನವರು ಬಂದು ಮಬ್ಬು ಗಾಜಿನ ಸ್ಯಾಂಪಲ್ಲನ್ನು ಕಿಟಕಿಗೆ ಹಿಡಿದರು. "ನೋಡಿ ಮೇಡಂ, ಇನ್ನು ಯಾರಿಗೂ ಏನೂ ಕಾಣಲ್ಲ" ಎಂದರು. ನಾನು ಗಾಜು ಕೆಳಗಿಳಿಸಿ ಎನ್ನುವಷ್ಟರಲ್ಲಿ ಅಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ರಸ್ತೆ ದಾಟಿ, ಮೆಟ್ಟಿಲು ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಲೇ ಕೈಸನ್ನೆಯಲ್ಲಿ ಕೇಳಿದಳು: "ಒಬ್ರು ಮಾತಾಡ್ತಾ ಇರುವಾಗ ಮುಖದ ಮೇಲೆ ಬಾಗಿಲು ಹಾಕ್ತಾರಾ?"

ಪ್ಲೇನ್ ಗಾಜಿಗೆ ಧೂಳು ಬೇಗ ಕಾಣುತ್ತದೆ ಎನ್ನುತ್ತೀರೇನೋ. ಒರೆಸುವ ಕೆಲಸ ನನಗಿರಲಿ. ಪದರ ಎರಡೇ ಇರಲಿ, ಗದ್ದಲ ಹೊರಗೇ ಇರಲಿ. ಅಮ್ಮನ ಮಾತು ಮಾತ್ರ ಒಳಗೆ ಬರಲಿ.

ಇಂತಿ ನಿಮ್ಮ,
ಮೇಲಿನ ಮನೆಯವಳು